ಬ್ಯಾಟರಿ ಕೊನೆಗೆ ಹಾಕು

ಮೊದಲು ಆ ಬ್ಯಾಟರಿ ಕಳಚಿ ಜಗಲಿಯ ಮೇಲಿಡು, ಮಗನೇ. ಆಮೇಲೆ ಮಾತು.

ನಿನ್ನೆ ಸಂಜೆ ನೀನು ಚೈನ್ ಗರಗಸದ ಪೆಟ್ಟಿಗೆ ಬಿಚ್ಚಿ, ಬಾರು ಕೂರಿಸಿ, ಚೈನು ಸುತ್ತಿ, ಗುಂಡಿ ಅದುಮಿ, ‘ದೊಡ್ಡಪ್ಪಾ, ಹೊಗೆ ಇಲ್ಲ, ಸದ್ದೂ ಇಲ್ಲ ನೋಡಿ’ ಅಂತ ನಕ್ಕೆಯಲ್ಲ, ನನಗೂ ಖುಷಿಯಾಯಿತು. ಬೆಂಗಳೂರು ಬಿಟ್ಟು ತೋಟಕ್ಕೆ ಬಂದ ಮೇಲೆ ನೀನು ತರಿಸಿದ ಸಾಮಾನುಗಳ ಪೈಕಿ ಕೆಲಸಕ್ಕೆ ಬರುವಂಥದ್ದು ಇದೇ ಮೊದಲು. ಆದರೂ ನಾನು ನಗದೆ ಕೂತಿದ್ದಕ್ಕೆ ಎರಡು ಕಾರಣ. ಒಂದು, ಚೈನನ್ನು ನೀನು ತಿರುಗುಮುರುಗು ಹಾಕಿದ್ದೆ. ಹಾಗೇ ಮರಕ್ಕೆ ಇಟ್ಟಿದ್ದರೆ ಅದು ಕೊಯ್ಯುತ್ತಿರಲಿಲ್ಲ, ಉಜ್ಜಿ ಉಜ್ಜಿ ಹೊಗೆ ಎಬ್ಬಿಸುತ್ತಿತ್ತು. ನೀನು ಮಷಿನ್ನೇ ಸರಿ ಇಲ್ಲ ಅಂತ ವಾಪಸು ಕಳಿಸುತ್ತಿದ್ದೆ. ಬಾರಿನ ಮೇಲ್ಗಡೆ ಇರುವ ಹಲ್ಲುಗಳ ಬಾಯಿ ತುದಿಯ ಮೂತಿಯ ಕಡೆ ನೋಡುತ್ತಿರಬೇಕು, ಕೆಳಗಡೆಯವು ನಿನ್ನ ಕಡೆ. ಇದು ನಾಚಿಕೆಪಡುವ ತಪ್ಪೇನಲ್ಲ, ಮೊದಲ ಸಲ ಎಲ್ಲರೂ ಮಾಡುತ್ತಾರೆ. ಎರಡನೆಯ ಕಾರಣ ದೊಡ್ಡದು. ಸದ್ದಿಲ್ಲ ಎಂದು ನೀನು ಹಿಗ್ಗಿದೆ. ನನಗೆ ದಿಗಿಲಾದದ್ದು ಅದಕ್ಕೇ.

ನಮ್ಮ ಪೆಟ್ರೋಲ್ ಮಷಿನ್ ನಿನಗೆ ಗೊತ್ತೇ ಇದೆ. ಅದನ್ನು ಎಬ್ಬಿಸುವುದೇ ಒಂದು ಕೆಲಸ. ಪೆಟ್ರೋಲಿಗೆ ಅಳತೆ ನೋಡಿ ಆಯಿಲ್ ಬೆರೆಸಬೇಕು, ಚೋಕ್ ಎಳೆಯಬೇಕು, ನೆಲಕ್ಕೆ ಒತ್ತಿ ಹಿಡಿದು ಹಗ್ಗ ಜಗ್ಗಬೇಕು. ಮಳೆಗಾಲದಲ್ಲಿ ಹತ್ತು ಸಲ ಜಗ್ಗಿದರೂ ಕೆಮ್ಮಿ ಸುಮ್ಮನಾಗುತ್ತದೆ. ಅದನ್ನು ಬೈಯದ ದಿನವಿಲ್ಲ. ಈಗ ಯೋಚಿಸಿದರೆ ಆ ತಾಪತ್ರಯವೇ ನಮ್ಮನ್ನು ಎಷ್ಟೋ ಸಲ ಕಾಪಾಡಿದೆ ಅನ್ನಿಸುತ್ತದೆ. ಹಗ್ಗ ಜಗ್ಗುವಷ್ಟರಲ್ಲಿ ನಾಲ್ಕು ಸಲ ಮರದ ಕಡೆ ನೋಡಿರುತ್ತಿದ್ದೆವು. ಅದು ಹೊತ್ತಿಕೊಂಡಿತೆಂದರೆ ಸದ್ದು ಕಣದವರೆಗೆ ಕೇಳುತ್ತಿತ್ತು. ಗಿಡದ ಸಂದಿಯಲ್ಲಿ ಕಳೆ ತೆಗೆಯುತ್ತಿದ್ದ ಆಳುಗಳು ತಾವಾಗಿಯೇ ದೂರ ಸರಿಯುತ್ತಿದ್ದರು, ನಾಯಿ ಬಾಲ ಮುದುರಿಕೊಂಡು ಮನೆ ಸೇರುತ್ತಿತ್ತು. ಕೈಯಲ್ಲಿ ನಡುಗುತ್ತ ಗುರುಗುಡುತ್ತಿದ್ದ ಆ ಮಷಿನ್ ಓಡುತ್ತಿದೆ ಎನ್ನುವುದನ್ನು ಯಾರೂ ಮರೆಯುವಂತೆಯೇ ಇರಲಿಲ್ಲ.

ನಿನ್ನದು ಹಾಗಲ್ಲ. ಕೊಯ್ಯದೆ ಇರುವಾಗ ಪೂರ್ತಿ ಮೌನ. ಬ್ಯಾಟರಿ ಒಳಗೆ ಕೂತಿದೆಯೋ ಇಲ್ಲವೋ ನೋಡಿದರೇ ಗೊತ್ತಾಗಬೇಕು. ಬೆರಳು ತಗುಲಿದರೆ ಸತ್ತು ಬಿದ್ದಂತಿದ್ದ ಚೈನು ತಕ್ಷಣ ಓಡುತ್ತದೆ. ಲಾಕ್ ಗುಂಡಿ ಒತ್ತದೆ ಟ್ರಿಗರ್ ಒಳಗೆ ಹೋಗುವುದಿಲ್ಲ, ನಿಜ. ಆದರೆ ಹತ್ತು ದಿನ ಕೆಲಸ ಮಾಡಿದ ಮೇಲೆ ಆ ಎರಡನ್ನೂ ಕೈ ತನ್ನಷ್ಟಕ್ಕೇ ಒಟ್ಟಿಗೆ ಒತ್ತುತ್ತದೆ, ಬುದ್ಧಿಯನ್ನು ಕೇಳುವುದಿಲ್ಲ.

ಹೋದ ಬೇಸಿಗೆಯಲ್ಲಿ ಪಕ್ಕದ ತೋಟದಿಂದ ಒಂದು ಬ್ಯಾಟರಿ ಮಷಿನ್ ಕೇಳಿ ತಂದಿದ್ದೆ, ನಿನಗೆ ಹೇಳಿರಲಿಲ್ಲ. ಬೈನೆ ಮರದ ತುಂಡು ಕೊಯ್ಯುವಾಗ ನಾರು ಸುತ್ತಿಕೊಂಡು ಚೈನು ನಿಂತಿತು. ಸದ್ದಿಲ್ಲ, ನಡುಕವಿಲ್ಲ, ಹಾಗಾಗಿ ಮಷಿನ್ ಆಫ್ ಆಗಿದೆ ಎಂದೇ ನನ್ನ ಲೆಕ್ಕ. ಬಲಗೈ ಹಿಡಿಕೆಯ ಮೇಲೆ ಹಾಗೇ ಇತ್ತು, ಎಡಗೈಯಿಂದ ನಾರು ಎಳೆಯಲು ಹೋದೆ. ನಾರು ಬಿಚ್ಚಿತು. ಗ್ಲೌಸಿನ ಎರಡು ಬೆರಳಿನ ತುದಿ ಹಾರಿ ಹೋಯಿತು. ಗ್ಲೌಸ್ ಒಂದು ಸೈಜು ದೊಡ್ಡದಿದ್ದದ್ದು ನನ್ನ ಪುಣ್ಯ, ಒಳಗೆ ಬೆರಳು ಅಲ್ಲಿಯವರೆಗೆ ಹೋಗಿರಲಿಲ್ಲ. ಐವತ್ತು ವರ್ಷ ಮರದ ಕೆಲಸ ಮಾಡಿದವನ ಬುದ್ಧಿ ಅದು!

ಅದಕ್ಕೇ ಹೇಳುವುದು: ಹಗ್ಗ ಜಗ್ಗುವ ಆ ಎರಡು ನಿಮಿಷವನ್ನು ಕಂಪನಿಯವರು ತೆಗೆದುಹಾಕಿದ್ದಾರೆ, ಅದನ್ನು ನೀನು ವಾಪಸು ತಂದುಕೊಳ್ಳಬೇಕು. ಎಲ್ಲ ಸಿದ್ಧವಾದ ಮೇಲೆ, ನಿಂತ ಜಾಗ ನೋಡಿದ ಮೇಲೆ, ಸುತ್ತ ಯಾರಿದ್ದಾರೆ ಎಂದು ತಿರುಗಿ ನೋಡಿದ ಮೇಲೆ ಕಟ್ಟಕಡೆಗೆ ಬ್ಯಾಟರಿ ಹಾಕು. ಕೆಲಸ ನಿಂತಿತೋ, ಮೊದಲು ಬ್ಯಾಟರಿ ತೆಗೆ. ಚೈನು ಬಿಗಿ ಮಾಡುವುದಿರಲಿ, ಆಯಿಲ್ ಹಾಕುವುದಿರಲಿ, ಸಿಕ್ಕಿಕೊಂಡ ಚಕ್ಕೆ ತೆಗೆಯುವುದಿರಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತೊಯ್ಯುವುದಿರಲಿ, ಯಾರಾದರೂ ‘ಕಾಫಿ ತಂದಿದೀನಿ’ ಅಂತ ಕರೆದದ್ದೇ ಇರಲಿ. ಮರೆತೇನೆಂಬ ಅನುಮಾನವಿದ್ದರೆ ತೆಗೆದ ಬ್ಯಾಟರಿಯನ್ನು ಪ್ಯಾಂಟಿನ ಜೇಬಿಗೇ ಹಾಕಿಕೋ. ಭಾರವಾಗಿ ಜೋತು ಬೀಳುತ್ತದೆ, ಬೀಳಲಿ.

ಕರೆಂಟಿನ ಗರಗಸ ಹೊಸ ಕಾಲದ ಸಂಶೋಧನೆ ಅಂತ ನೀನು ಅಂದುಕೊಂಡಿದ್ದೀಯ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ಮಾಡಿದ ಮೊದಲ ಚೈನ್ ಗರಗಸ ಕರೆಂಟಿನದ್ದೇ. ಇಬ್ಬರು ಹಿಡಿಯಬೇಕಿತ್ತು. ಕಾಡಿನ ನಡುವೆ ಕರೆಂಟು ಎಲ್ಲಿಂದ ತರುವುದು? ಅದಕ್ಕೇ 1929ರಲ್ಲಿ ಅವರದ್ದೇ ಪೆಟ್ರೋಲ್ ಮಷಿನ್ ಬಂತು. ಸುಮಾರು ನೂರು ವರ್ಷ ಸುತ್ತಿ ಕರೆಂಟು ಈಗ ಕಾಡಿಗೆ ಹೋಗಲು ಕಲಿತು ವಾಪಸು ಬಂದಿದೆ.

ಇನ್ನೊಂದು ಕಥೆ ಇದೆ, ಕಾಫಿ ಬೆಳೆಯುವವರು ತಿಳಿದಿರಬೇಕಾದ್ದು. ಮೊದಮೊದಲ ಚೈನುಗಳ ಹಲ್ಲು ಕೈಗರಗಸದ ಹಲ್ಲಿನ ಹಾಗೇ ಇರುತ್ತಿತ್ತು. ಬೇಗ ಮೊಂಡಾಗುತ್ತಿತ್ತು, ಅರ ಹಿಡಿದು ಕೂರುವುದೇ ಕೆಲಸ. ಅಮೆರಿಕದ ಓರೆಗಾನ್ ಸೀಮೆಯಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ ಒಂದು ದಿನ ಸೌದೆ ಒಡೆಯುತ್ತಿದ್ದಾಗ ಮರದೊಳಗೆ ಒಂದು ದಪ್ಪ ಹುಳು ಕಂಡ. ಅದು ಒಣಮರವನ್ನು ಉದ್ದಕ್ಕೂ ಅಡ್ಡಕ್ಕೂ ಲೀಲಾಜಾಲವಾಗಿ ಕೊರೆಯುತ್ತಿತ್ತು. ಕಾಕ್ಸ್ ಅದರ ಬಾಯಿಯನ್ನೇ ದಿಟ್ಟಿಸಿ ನೋಡಿದ. ಬಾಗಿದ ಎರಡು ದವಡೆ, ಒಮ್ಮೆ ಎಡಕ್ಕೆ ಕೆತ್ತುತ್ತದೆ, ಒಮ್ಮೆ ಬಲಕ್ಕೆ. ಅದೇ ಆಕಾರದಲ್ಲಿ ಉಕ್ಕಿನ ಹಲ್ಲು ಮಾಡಿ ಚೈನಿಗೆ ಕೂರಿಸಿದ, 1947ರಲ್ಲಿ ಮಾರಲು ಶುರುಮಾಡಿದ. ನಿನ್ನ ಮಷಿನ್ನಿನ ಚೈನು ನೋಡು, ಒಂದು ಹಲ್ಲು ಎಡಕ್ಕೆ ಬಾಗಿದೆ, ಮುಂದಿನದು ಬಲಕ್ಕೆ. ಅದು ಆ ಹುಳುವಿನ ಬಾಯಿ. ಆ ಹುಳು ಯಾರೆಂದುಕೊಂಡೆ? ನಮ್ಮ ಅರೇಬಿಕಾ ಗಿಡಗಳನ್ನು ಒಳಗಿಂದ ತಿಂದು ಒಣಗಿಸುವ ಬಿಳಿ ಕಾಂಡಕೊರಕನ ಕುಲದ್ದೇ. ಇಬ್ಬರೂ ಉದ್ದ ಮೀಸೆಯ ದುಂಬಿಯ ಮಕ್ಕಳು. ಕಾಂಡಕೊರಕ ಬಂದ ಗಿಡ ಕಿತ್ತು ಸುಡುವಾಗೆಲ್ಲ ನನಗೆ ಕಾಕ್ಸ್ ನೆನಪಾಗುತ್ತಾನೆ. ಅವನಿಗೆ ಹುಳುವಿನಿಂದ ಕಂಪನಿ ಹುಟ್ಟಿತು, ನಮಗೆ ಸಾಲ.

ಆ ಹಲ್ಲಿನ ಮುಂದೆ ಒಂದು ಗಿಡ್ಡ ಮೂಗು ಇದೆ. ಒಂದೊಂದು ಸಲಕ್ಕೆ ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ತೀರ್ಮಾನಿಸುವುದು ಆ ಮೂಗು. ಅದನ್ನು ಅರದಿಂದ ಜಾಸ್ತಿ ತೇಯ್ದರೆ ಹಲ್ಲು ಬಕಾಸುರನಾಗುತ್ತದೆ, ಮಷಿನ್ ಎಗರುತ್ತದೆ. ಆ ತಂಟೆಗೆ ಈ ವರ್ಷ ಹೋಗಬೇಡ.

ವೋಲ್ಟಿನ ವಿಷಯದಲ್ಲಿ ಮೋಸ ಹೋಗಬೇಡ. ಪೆಟ್ಟಿಗೆಯ ಮೇಲೆ ಒಬ್ಬ 18 ಎಂದು ಬರೆದಿರುತ್ತಾನೆ, ಒಬ್ಬ 20, ಇನ್ನೊಬ್ಬ 21. ಬಹುಮಟ್ಟಿಗೆ ಮೂರೂ ಒಂದೇ. ಒಳಗೆ ಸಾಲಾಗಿ ಐದು ಸೆಲ್ಲು, ಒಂದೊಂದು 3.6 ಎಂದು ಲೆಕ್ಕ ಹಿಡಿದರೆ 18, ತುಂಬಿದಾಗಿನ 4.2ರ ಲೆಕ್ಕ ಹಿಡಿದರೆ 21. ಹತ್ತು ಸೆಲ್ಲಿನದು 36. ಅಂಗೈಯಗಲದ ಮಷಿನ್ನಿಗೆ ಐದೇ ಸೆಲ್ಲು ಇಟ್ಟು 88 ಎಂದು ಚೀಟಿ ಅಂಟಿಸಿದ್ದನ್ನೂ ನೋಡಿದ್ದೇನೆ. ಒಂದೇ ಕೈಯಲ್ಲಿ ಹಿಡಿಯುವ ಆ ಪುಟಾಣಿ ಗರಗಸಗಳ ಮೇಲೆ ನನಗೆ ಒಲವಿಲ್ಲ. ಒಂದು ಕೈ ಮಷಿನ್ನಿನ ಮೇಲೆ ಇದ್ದಾಗ ಇನ್ನೊಂದು ಕೈ ಕೊಂಬೆ ಹಿಡಿಯಲು ಹೋಗಿಯೇ ಹೋಗುತ್ತದೆ. ನೀನು ತಂದದ್ದು ಎರಡು ಕೈಯದ್ದು, ಮುಂದುಗಡೆ ಬ್ರೇಕಿನ ತಡೆ ಇದೆ, 12 ಇಂಚಿನ ಬಾರು. ನಮ್ಮ ಕೆಲಸಕ್ಕೆ ಧಾರಾಳವಾಯಿತು. ನಾಟಾ ಕೊಯ್ಯುವ ಆಸೆ ಇಟ್ಟುಕೊಳ್ಳಬೇಡ, ಅದಕ್ಕೆ ಮಿಲ್ಲಿದೆ.

ಬ್ಯಾಟರಿ ಮಷಿನ್ನಿಗೆ ಆಯಿಲ್ ಬೇಡ ಎಂದು ನಿನಗೆ ಯಾರು ಹೇಳಿದರೋ. ಪೆಟ್ರೋಲಿಗೆ ಬೆರೆಸುವ ಆಯಿಲ್ ಬೇಡ, ಅಷ್ಟೇ. ಬಾರಿಗೆ, ಚೈನಿಗೆ ಬೇಕೇ ಬೇಕು. ಅದಿಲ್ಲದೆ ಓಡಿಸಿದರೆ ಬಾರು ಕಾದು ನೀಲಿ ತಿರುಗುತ್ತದೆ. ಬ್ಯಾಟರಿ ಬದಲಿಸುವಾಗೆಲ್ಲ ಆಯಿಲ್ ಕಿಟಕಿ ನೋಡುವ ಅಭ್ಯಾಸ ಮಾಡಿಕೋ. ಇಳಿಯುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಹಳೇ ಪೇಪರ್ ಹಾಸಿ, ಅದಕ್ಕೆ ತಾಗಿಸದೆ ಮೂತಿಯನ್ನು ಮೇಲೆ ಹಿಡಿದು ಸ್ವಲ್ಪ ಹೊತ್ತು ಓಡಿಸು. ಎಣ್ಣೆಯ ಗೆರೆ ಬೀಳಬೇಕು. ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಆಯಿಲ್ ಸುರಿಯಬೇಡ. ನಮ್ಮಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ, ನಾನೂ ಹಾಕಿದ್ದೆ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಪಂಪು ಕೆಡುತ್ತದೆ, ಮೇಲಾಗಿ ಅದು ಚಿಮ್ಮುವುದು ನಿನ್ನ ಮುಖಕ್ಕೆ ಮತ್ತು ಮಣ್ಣಿಗೆ.

ಚೈನು ಎಷ್ಟು ಬಿಗಿ? ಗ್ಲೌಸ್ ಹಾಕಿಕೊಂಡು, ಬ್ಯಾಟರಿ ತೆಗೆದು (ಕೇಳಿಸಿತಲ್ಲ?) ಬಾರಿನ ನಡುಮಧ್ಯದಲ್ಲಿ ಚೈನನ್ನು ಎತ್ತಿ ಬಿಡು. ಒಳಗಿನ ಕೊಂಡಿಗಳು ಬಾರಿನ ತೋಡಿನಿಂದ ಪೂರ್ತಿ ಹೊರಗೆ ಬರಬಾರದು, ಬಿಟ್ಟ ಕೂಡಲೇ ಟಪ್ಪನೆ ಕೂರಬೇಕು. ಹಾಗೆಂದು ಕೈಯಿಂದ ಎಳೆದರೆ ಸಲೀಸಾಗಿ ಸುತ್ತಬೇಕು. ಹೊಸ ಚೈನು ಮೊದಲ ದಿನ ಹಿಗ್ಗುತ್ತದೆ, ಆಗಾಗ ನೋಡುತ್ತಿರು. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸು, ಆರಿದಾಗ ಅದು ಕುಗ್ಗುತ್ತದೆ.

ಇನ್ನು ಬಟ್ಟೆ. ನಿನ್ನೆ ಲುಂಗಿ ಉಟ್ಟು ಮಷಿನ್ ಹಿಡಿದಿದ್ದೆ. ಅದನ್ನು ನಿನ್ನ ದೊಡ್ಡಮ್ಮ ನೋಡಲಿಲ್ಲ, ಬಚಾವಾದೆ. ದಪ್ಪ ಪ್ಯಾಂಟು, ಪಾದ ಮುಚ್ಚುವ ಗಟ್ಟಿ ಬೂಟು, ಮೈಗೆ ಅಂಟಿದ ಅಂಗಿ, ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್. ಕಿವಿಗೆ ಹತ್ತಿ ಸಾಲದು, ಮುಚ್ಚಳವೇ ಬೇಕು. ಪೆಟ್ರೋಲಿನಷ್ಟು ಅಬ್ಬರ ಇಲ್ಲದಿದ್ದರೂ ಕೊಯ್ಯುವಾಗಿನ ಆ ಕೀರಲು ಸದ್ದು ಗಂಟೆಗಟ್ಟಲೆ ಕೇಳುವಂಥದ್ದಲ್ಲ. ಕಾಲಿಗೆ ಕಟ್ಟುವ ನಾರಿನ ಕವಚ ಸಿಗುತ್ತದೆ. ಚೈನು ತಗುಲಿದರೆ ಅದರೊಳಗಿನ ಉದ್ದನೆಯ ಎಳೆಗಳು ಹಲ್ಲಿಗೆ ಸುತ್ತಿ ಮಷಿನ್ನನ್ನು ಕಟ್ಟಿಹಾಕುತ್ತವೆ. ತರಿಸಿಕೋ. ಆದರೆ ಕರೆಂಟಿನ ಮೋಟಾರಿಗೆ ಎಳೆತ ಜಾಸ್ತಿ, ಪೆಟ್ರೋಲ್ ಮಷಿನ್ ನಿಂತಷ್ಟು ಬೇಗ ಅದು ನಿಲ್ಲದೆಯೂ ಇರಬಹುದು. ಕವಚ ಇದೆ ಅಂತ ಕಾಲು ಮುಂದೆ ಚಾಚಬೇಡ. ಸಿಲ್ವರ್ ಓಕ್ ಮರ ಕೊಯ್ಯುವ ದಿನ ಕತ್ತು, ಮುಂಗೈ ಮುಚ್ಚಿಕೊಂಡಿರು. ಅದರ ಪುಡಿ ಕೆಲವರ ಮೈಗೆ ಆಗಿಬರುವುದಿಲ್ಲ, ದದ್ದು ಏಳುತ್ತದೆ. ನಿನ್ನಪ್ಪನಿಗೆ ಏಳುತ್ತಿತ್ತು.

ಈಗ ನನ್ನ ಎಡ ಭುಜದ ವಿಷಯ. ಚಿಕ್ಕಂದಿನಲ್ಲಿ ನೀನು ಆ ಗಾಯದ ಗುರುತು ಮುಟ್ಟಿ ಕೇಳಿದಾಗ ಕಾಡುಹಂದಿ ತಿವಿದದ್ದು ಎಂದು ಹೇಳಿದ್ದೆ. ಹಂದಿಯೂ ಇಲ್ಲ, ಗಿಂದಿಯೂ ಇಲ್ಲ. ಹಿತ್ತಿಲ ಹಲಸಿನ ಮರದ ಕೊಂಬೆ ಬಿದ್ದಿತ್ತು, ಅದನ್ನು ತುಂಡು ಮಾಡುತ್ತಿದ್ದೆ. ಬಾರಿನ ಮೂತಿ ಹಿಂದಿನ ಇನ್ನೊಂದು ಕೊಂಬೆಗೆ ತಾಗಿತು. ನನಗೆ ಆ ಕೊಂಬೆ ಕಂಡೇ ಇರಲಿಲ್ಲ. ಏನಾಯಿತು ಎಂದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿಲ್ಲ, ಏಕೆಂದರೆ ಕಣ್ಣು ನೋಡುವುದರೊಳಗೆ ಮುಗಿದಿತ್ತು. ಮಷಿನ್ ಮೇಲಕ್ಕೆ ಎಗರಿ ಭುಜಕ್ಕೆ ಬಂದಿತ್ತು. ಹನ್ನೊಂದು ಹೊಲಿಗೆ. ನಾಲ್ಕು ಬೆರಳು ಈಚೆ ಬಂದಿದ್ದರೆ ಕತ್ತು.

ಮೂತಿಯ ಮೇಲರ್ಧ ಇದೆಯಲ್ಲ, ಗಡಿಯಾರದಲ್ಲಿ ಹನ್ನೆರಡರಿಂದ ಮೂರರವರೆಗಿನ ಜಾಗ, ಅದು ಏನಕ್ಕಾದರೂ ತಾಗಿದರೆ ಹಲ್ಲು ಅಲ್ಲಿ ಕೆತ್ತುವ ಬದಲು ಕಚ್ಚಿಕೊಳ್ಳುತ್ತದೆ. ಚೈನು ಅರೆಗಳಿಗೆ ತಡೆಯುತ್ತದೆ. ಓಡುತ್ತಿದ್ದ ರಭಸವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ, ಅಂದರೆ ನಿನ್ನ ಮುಖಕ್ಕೆ, ಒಗೆಯುತ್ತದೆ. ಇದಕ್ಕೆ ಬ್ಯಾಟರಿ, ಪೆಟ್ರೋಲು ಎಂಬ ಭೇದವಿಲ್ಲ. ನೆರಳುಮರದ ಕೊಂಬೆ ಸವರುವ ನಮ್ಮ ಮರಗಸಿ ಮೇಸ್ತ್ರಿ ಇದನ್ನು ‘ಮಷಿನ್ ಒದೀತು’ ಅನ್ನುತ್ತಾನೆ, ಹಸು ಒದ್ದ ಹಾಗೆ. ಹಸು ಒದೆಯುವ ಮೊದಲು ಕಿವಿಯಾದರೂ ಆಡಿಸುತ್ತದೆ.

ಒದೆತವನ್ನು ತಡೆಯುವುದು ಕೈಬಲದಿಂದಲ್ಲ, ನಿಲ್ಲುವ ಕ್ರಮದಿಂದ. ಬಲಗೈ ಹಿಂದಿನ ಹಿಡಿಕೆ, ಎಡಗೈ ಮುಂದಿನದು. ಎಡಚರಿಗೂ ಹೀಗೇ. ನೀನು ಎಡಗೈಯಲ್ಲಿ ಬರೆಯುವವನು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಎಡಗೈಯ ಹೆಬ್ಬೆರಳು ಹಿಡಿಕೆಯ ಅಡಿಯಿಂದ ಸುತ್ತಿ ಬರಬೇಕು. ನಿನ್ನೆ ನಾಲ್ಕು ಬೆರಳಿನ ಜೊತೆ ಹೆಬ್ಬೆರಳನ್ನೂ ಮೇಲೆಯೇ ಇಟ್ಟಿದ್ದೆ, ಒದ್ದರೆ ಜಾರಿ ಚೈನಿನ ಮೇಲೆ. ಎಡಗಾಲು ಸ್ವಲ್ಪ ಮುಂದೆ. ತಲೆ, ಕತ್ತು ಬಾರಿನ ನೇರಕ್ಕೆ ಬೇಡ, ಒಂದು ಗೇಣು ಎಡಕ್ಕಿರಲಿ. ಭುಜಕ್ಕಿಂತ ಮೇಲೆ ಮಷಿನ್ ಎತ್ತಬೇಡ. ಏಣಿಯ ಮೇಲೆ ನಿಂತು, ಮರದ ಕವಲಿನಲ್ಲಿ ಕೂತು ಕೊಯ್ಯಬೇಡ. ಮುಂದಿನ ತಡೆಯನ್ನು ಮುಂಗೈ ಮುಂದಕ್ಕೆ ನೂಕಿದರೆ ಚೈನು ನಿಲ್ಲಬೇಕು. ದಿನವೂ ಕೆಲಸಕ್ಕೆ ಮುಂಚೆ ಒಂದು ಸಲ ನೂಕಿ ನೋಡು. ನಿಲ್ಲದಿದ್ದರೆ ಅವತ್ತು ಕೆಲಸವಿಲ್ಲ.

ಮರಕ್ಕೆ ಇಡುವ ಮೊದಲೇ ಚೈನು ಪೂರ್ತಿ ವೇಗಕ್ಕೆ ಬಂದಿರಲಿ. ಬಾರಿನ ಬುಡದಲ್ಲಿರುವ ಮುಳ್ಳುಗಳು ಮರಕ್ಕೆ ಊರಿಕೊಳ್ಳುವಷ್ಟು ಹತ್ತಿರ ಹಿಡಿದು ಬಾರಿನ ಕೆಳಬದಿಯಿಂದ ಕೊಯ್ಯಿ. ಕೆಳಬದಿ ಮಷಿನ್ನನ್ನು ಮರದ ಕಡೆ ಎಳೆಯುತ್ತದೆ, ಮೇಲ್ಬದಿಯಿಂದ ಕೊಯ್ದರೆ ನಿನ್ನ ಕಡೆ ತಳ್ಳುತ್ತದೆ. ಎರಡೂ ಬೇಕಾಗುತ್ತದೆ, ಆದರೆ ಎಳೆತ ಕಲಿತ ಮೇಲೆ ತಳ್ಳುವುದನ್ನು ಕಲಿ. ನೀನು ಒತ್ತಬೇಕಾಗಿಲ್ಲ, ಮಷಿನ್ನಿನ ಭಾರವೇ ಸಾಕು. ಒತ್ತಬೇಕೆನಿಸಿದರೆ ಹಲ್ಲು ಮೊಂಡಾಗಿದೆ ಎಂದು ತಿಳಿ. ಚೂಪು ಹಲ್ಲು ಅವಲಕ್ಕಿಯಂಥ ಚಕ್ಕೆ ಉದುರಿಸುತ್ತದೆ, ಮೊಂಡ ಹಲ್ಲು ರಾಗಿಹಿಟ್ಟಿನಂಥ ಪುಡಿ. ಕೊಯ್ದು ಮುಗಿಯುವ ಹೊತ್ತಿಗೆ ಭಾರವೆಲ್ಲ ಕೈಗೆ ಬಂದು ಮಷಿನ್ ದಿಢೀರನೆ ಕೆಳಗಿಳಿಯುತ್ತದೆ. ಕೆಳಗೆ ನಿನ್ನ ಕಾಲೂ ಇರಬಾರದು, ಮಣ್ಣೂ ಇರಬಾರದು. ಒಂದು ಸಲ ಮಣ್ಣು ಕಚ್ಚಿದರೆ ಬೆಳಗಿನಿಂದ ಅರ ಹಾಕಿದ್ದು ಹೊಳೆಪಾಲು. ತೆಂಗು, ಬೈನೆ, ಅಡಿಕೆಯ ಮರಗಳೂ ಹಲ್ಲನ್ನು ಬೇಗ ತಿನ್ನುತ್ತವೆ, ನಾರು ಸುತ್ತುತ್ತವೆ.

ಇಷ್ಟು ಕೈಗೆ ಬಂದ ಮೇಲೆ ನಿಜವಾದ ಪಾಠ, ಮರ ಓದುವುದು. ಆರಿದ್ರಾ ಮಳೆಯ ಗಾಳಿಗೆ ಬಿದ್ದ ಮರಗಳೇ ನಿನ್ನ ಕೈಗೆ ಬರುವುದು. ಬಿದ್ದ ಮರ ಸತ್ತ ಮರ, ಏನು ಮಾಡೀತು ಅನ್ನಿಸುತ್ತದೆ. ನಿಂತ ಮರಕ್ಕಿಂತ ಅದು ಹೆಚ್ಚು ಕಪಟಿ. ಕಾದಿಗೆಯ ಮೇಲೆ ಸೇತುವೆಯ ಹಾಗೆ ಅಡ್ಡ ಬಿದ್ದ ದಿಮ್ಮಿಯನ್ನು ನೋಡು. ನಡುವೆ ಜಗ್ಗುತ್ತಿದೆ, ಅಂದರೆ ಮೇಲ್ಭಾಗ ಒತ್ತಿಕೊಂಡಿದೆ, ಅಡಿಭಾಗ ಎಳೆದುಕೊಂಡಿದೆ. ಮೇಲಿಂದಲೇ ಕೊಯ್ಯುತ್ತ ಹೋದರೆ ಅರ್ಧಕ್ಕೆ ಬರುವಷ್ಟರಲ್ಲಿ ಸೀಳು ಬಾಯಿ ಮುಚ್ಚಿ ಬಾರನ್ನು ಕಚ್ಚುತ್ತದೆ. ಮೊದಲು ಒತ್ತಿಕೊಂಡ ಕಡೆಯಿಂದ ಮೂರರಲ್ಲೊಂದು ಪಾಲು ಕೊಯ್ಯಿ, ಮಿಕ್ಕದ್ದನ್ನು ಎಳೆದುಕೊಂಡ ಕಡೆಯಿಂದ. ಒಂದು ತುದಿ ಗಾಳಿಯಲ್ಲಿ ತೇಲುತ್ತಿದ್ದರೆ ಲೆಕ್ಕ ಉಲ್ಟಾ: ಮೊದಲು ಅಡಿಯಿಂದ, ಆಮೇಲೆ ಮೇಲಿಂದ. ಬಾರು ಕಚ್ಚಿಕೊಂಡರೆ ಜಗ್ಗಬೇಡ. ಬ್ಯಾಟರಿ ತೆಗೆ, ಬೆಣೆ ಹೊಡೆದು ಬಾಯಿ ಬಿಡಿಸು. ಬೆಣೆ ಮರದ್ದೋ ಪ್ಲಾಸ್ಟಿಕ್ಕಿನದೋ ಇರಲಿ, ಕಬ್ಬಿಣದ್ದು ಚೈನಿಗೆ ತಾಗಿದರೆ ಎರಡೂ ಹಾಳು.

ಮರದಡಿ ಸಿಕ್ಕಿ ಬಿಲ್ಲಿನ ಹಾಗೆ ಬಾಗಿದ ಎಳೇ ಗಿಡ ಕಂಡರೆ ಅದರ ಬಳಿ ಹೋಗಬೇಡ. ಅದರ ತಲೆಯ ಮೇಲಿನ ಭಾರ ಹೋದ ಕ್ಷಣ ಚಾಟಿಯಂತೆ ಬೀಸುತ್ತದೆ. ಬುಡಸಮೇತ ಕಿತ್ತು ಬಿದ್ದ ಮರವಾದರೆ ಇನ್ನೊಂದು ಅಪಾಯ. ಆಳೆತ್ತರದ ಬೇರಿನ ಗಡ್ಡೆ ಮಣ್ಣು ಹೊತ್ತು ಎದ್ದು ನಿಂತಿರುತ್ತದೆ, ಹಿಂದೆ ಗುಂಡಿ. ಕಾಂಡ ಕೊಯ್ದ ಕೂಡಲೇ ತಡೆದಿದ್ದ ಭಾರ ಹೋಗಿ ಆ ಗಡ್ಡೆ ಬಾಗಿಲು ಮುಚ್ಚಿದಂತೆ ಗುಂಡಿಗೆ ವಾಪಸು ಬೀಳುತ್ತದೆ. ಆಳುಗಳ ಲೈನ್ ಮನೆಯ ಮಕ್ಕಳಿಗೆ ಅಂಥ ಗುಂಡಿ ಎಂದರೆ ಆಟದ ಮನೆ. ಕೊಯ್ಯುವ ಮೊದಲು ಹೋಗಿ ಬಗ್ಗಿ ನೋಡು. ದೂರದಿಂದ ಕೂಗಿ ಕೇಳಿದರೆ ಆಗಲಿಲ್ಲ, ಬಗ್ಗಿ ನೋಡಬೇಕು. ಪೆಟ್ರೋಲ್ ಮಷಿನ್ ಆದರೆ ಮಕ್ಕಳು ಸದ್ದಿಗೆ ಓಡಿ ಹೊರಗೆ ಬರುತ್ತಿದ್ದವು.

ತಂತಿಯ ಮೇಲೆ ಬಿದ್ದ ಮರ ನಿನ್ನದಲ್ಲ, ಲೈನ್‌ಮನ್‌ನದು. ಕರೆಂಟು ಹೋಗಿದೆ, ಹಾಗಾಗಿ ತಂತಿ ಸತ್ತಿದೆ ಅನ್ನುವ ಲೆಕ್ಕ ಹಾಕಬೇಡ. ಎರಡು ದಿನ ಕತ್ತಲಲ್ಲಿ ಕೂರೋಣ, ಅಭ್ಯಾಸವಿದೆ.

ನಿಂತ ಮರ ಉರುಳಿಸುವುದನ್ನು ಈ ಮಳೆಗಾಲಕ್ಕೆ ಕೇಳಲೇಬೇಡ. ಬೀಳುವ ಕಡೆ ಬಾಯಿ ಕೆತ್ತುವುದು, ಹಿಂದಿನಿಂದ ಕೊಯ್ಯುವಾಗ ಮರದ ದಪ್ಪದ ಹತ್ತರಲ್ಲೊಂದು ಪಾಲನ್ನು ಕೀಲಿನ ಹಾಗೆ ಉಳಿಸುವುದು, ಓರೆಯಾಗಿ ಹಿಂದಕ್ಕೆ ಓಡುವ ದಾರಿಯನ್ನು ಮೊದಲೇ ಸವರಿ ಇಟ್ಟುಕೊಳ್ಳುವುದು, ಇವೆಲ್ಲ ಮೇಸ್ತ್ರಿಯ ಪಕ್ಕ ನಿಂತು ಒಂದು ವರ್ಷ ನೋಡಿ ಕಲಿಯುವಂಥದ್ದು. ಮೊಬೈಲಿನಲ್ಲಿ ನೋಡಿ ಕಲಿಯಲು ಬರುವುದಿಲ್ಲ; ಅದರಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರವೂ ಇಲ್ಲ, ಅದರಡಿಗೆ ನಲವತ್ತು ವರ್ಷದ ಕಾಫಿ ಗಿಡಗಳೂ ಇಲ್ಲ. ಇನ್ನು, ನಮ್ಮ ತೋಟದ ಮರವಾದರೂ ಕೊಡಲಿ ಹಾಕಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡ ಇದೆ. ಸಿಲ್ವರ್, ನೀಲಗಿರಿ, ತೆಂಗಿನಂಥ ಕೆಲವಕ್ಕೆ ವಿನಾಯಿತಿ. ಬೀಟೆ, ಹೊನ್ನೆ, ನಂದಿ ಎಂದರೆ ಮೊದಲು ಅರಣ್ಯ ಇಲಾಖೆಯ ಕಡೆ ಮುಖ ಮಾಡಬೇಕು.

ನನಗೆ ಇನ್ನೊಂದು ಅಂಜಿಕೆ ಇದೆ, ಅದು ನಿನ್ನ ಮೈಗೆ ಸಂಬಂಧಿಸಿದ್ದಲ್ಲ. ಕತ್ತಿ ಹಿಡಿದು ಮರಗಸಿ ಮಾಡುವ ಆಳು ಒಂದು ಕೊಂಬೆ ಕಡಿಯಲು ಬೆವರು ಸುರಿಸುತ್ತಾನೆ, ಆದ್ದರಿಂದ ಯಾವುದು ಬೇಕು ಯಾವುದು ಬೇಡ ಎಂದು ಯೋಚಿಸುತ್ತಾನೆ. ಬೆರಳು ಅದುಮಿದರೆ ಕೊಂಬೆ ಬೀಳುತ್ತದೆ ಎಂದಾದರೆ ಕೈ ನಿಲ್ಲುವುದಿಲ್ಲ. ಹಾಲುವಾಣ, ಅತ್ತಿ, ಗೋಣಿ ಎಲ್ಲ ಬೋಳಾಗುತ್ತವೆ. ನೆರಳು ತೆಳುವಾಗಿ ಬಿಸಿಲು ನೇರ ಕಾಂಡಕ್ಕೆ ಬಿದ್ದ ಅರೇಬಿಕಾ ಗಿಡವೆಂದರೆ ಬಿಳಿ ಕಾಂಡಕೊರಕನಿಗೆ ಹಬ್ಬದೂಟ. ಆಗಲೇ ಹೇಳಿದೆನಲ್ಲ, ನಿನ್ನ ಕೈಯಲ್ಲಿರುವುದು ಅದರ ದಾಯಾದಿಯದೇ ಬಾಯಿ. ಯಾವ ಕೊಂಬೆ ಎಂದು ಹಿಂದಿನ ದಿನ ಸಂಜೆಯೇ ನೋಡಿ ಸುಣ್ಣದ ಗುರುತು ಹಾಕು. ಗುರುತು ಇಲ್ಲದ್ದನ್ನು ಮುಟ್ಟಬೇಡ.

ಒಬ್ಬನೇ ಹೋಗಬೇಡ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಿರಲಿ, ನಮ್ಮ ಕೆಳಗಿನ ತೋಟದಲ್ಲಿ ಮೊಬೈಲು ಸಿಗುವುದಿಲ್ಲ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೊರಳಿಗೊಂದು ಸೀಟಿ ಕಟ್ಟಿಕೋ. ಜೇಬಿನಲ್ಲಿ ಒಗೆದ ದಪ್ಪ ಬಟ್ಟೆ ಇರಲಿ; ಗಾಯವಾದರೆ ಅದನ್ನು ಮಡಚಿ ಒತ್ತಿ ಹಿಡಿದು, ಬಿಗಿಯಾಗಿ ಕಟ್ಟಿ, ತೆಗೆದು ತೆಗೆದು ನೋಡದೆ ಜೀಪು ಹತ್ತಬೇಕು. ಕಾಫಿಪುಡಿ, ಅರಿಶಿನ ಒತ್ತುವ ಗಾಯ ಇದಲ್ಲ.

ಬ್ಯಾಟರಿಯನ್ನು ಒಲೆಯ ಅಟ್ಟದ ಮೇಲೆ, ಬಚ್ಚಲ ಹಂಡೆಯ ಪಕ್ಕ ಇಡಬೇಡ. ಕೆಲಸ ಮುಗಿದು ಕಾವು ಇಳಿದ ಮೇಲೆ ಚಾರ್ಜಿಗೆ ಹಾಕು. ತಿಂಗಳುಗಟ್ಟಲೆ ಸುಮ್ಮನಿಡುವುದಾದರೆ ಪೂರ್ತಿ ತುಂಬಿಸಿಯೂ ಇಡಬೇಡ, ಖಾಲಿಯಾಗಿಯೂ ಇಡಬೇಡ, ಅರ್ಧ ಸಾಕು. ಸುರಿಯುವ ಮಳೆಯಲ್ಲಿ ಮಷಿನ್ ಹೊರಗೆ ತೆಗೆಯಬೇಡ. ಇಟ್ಟ ಕಡೆ ಅಡಿಯಲ್ಲಿ ಸ್ವಲ್ಪ ಎಣ್ಣೆ ಜಿನುಗಿದರೆ ಗಾಬರಿಯಾಗಬೇಡ, ಎಲ್ಲವೂ ಜಿನುಗುತ್ತವೆ. ಒಂದು ರಟ್ಟು ಹಾಸು, ದೊಡ್ಡಮ್ಮನ ರೆಡ್ ಆಕ್ಸೈಡ್ ನೆಲದ ಮೇಲಿಡಬೇಡ. ಅರ ಹಾಕುವುದನ್ನು ನಾನೇ ತೋರಿಸುತ್ತೇನೆ. ನಿನ್ನ ಚೈನಿಗೆ 4 ಮಿಲಿಮೀಟರ್ ದುಂಡು ಅರ ಹಿಡಿಯುತ್ತದೆ ಎಂದು ಪುಸ್ತಕದಲ್ಲಿದೆ, ಪೇಟೆಗೆ ಹೋದಾಗ ಎರಡು ತಾ. ಎಲ್ಲ ಹಲ್ಲಿಗೂ ಅಷ್ಟಷ್ಟೇ ಉಜ್ಜು ಬೀಳಬೇಕು, ಇಲ್ಲವಾದರೆ ಗರಗಸ ಕುಡುಕನ ಹಾಗೆ ಒಂದು ಕಡೆಗೆ ವಾಲಿಕೊಂಡು ಕೊಯ್ಯುತ್ತದೆ.

ಕೊಟ್ಟಿಗೆಯ ಹಿಂದೆ ಹೋದ ವರ್ಷ ಬಿದ್ದ ಹಾಲುವಾಣದ ತುಂಡು ಇದೆ, ತೊಡೆಯಷ್ಟು ದಪ್ಪ, ಬೆಣ್ಣೆಯಂಥ ಮರ. ಮೇಸ್ತ್ರಿಗೆ ಹೇಳಿ ಅದನ್ನು ಎರಡು ಕವೆಗೋಲಿನ ಮೇಲೆ ಸೊಂಟದೆತ್ತರಕ್ಕೆ ಇಡಿಸಿದ್ದೇನೆ. ಭಾನುವಾರ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಬಾ. ಚೈನು ಸರಿಯಾಗಿ ತಿರುಗಿಸಿ ಹಾಕಿಕೊಂಡು ಬಾ, ಬೂಟು ಹಾಕಿಕೊಂಡು ಬಾ. ಬ್ಯಾಟರಿಯನ್ನು ಮಾತ್ರ ನನ್ನ ಕೈಗೆ ಕೊಡು, ಅದನ್ನು ಯಾವಾಗ ಹಾಕುವುದು ಎಂದು ಅವತ್ತು ನಾನು ಹೇಳುತ್ತೇನೆ.